ಅಳತೆಯ ಪರದೆ ಮುಂದೆ ವೇಷ

ಹೊಸದುರ್ಗ ತಾಲೂಕಿನ ಮತ್ತೋಡು ಒಂದು ಕಾಲಕ್ಕೆ ಗಾಜಿನ ಬಳೆಗೆ ಹೆಸರಾದ ಊರು. 1801ರಲ್ಲಿ ಫ್ರಾನ್ಸಿಸ್ ಬುಕಾನನ್ ಅಲ್ಲಿಗೆ ಬಂದ. ಟಿಪ್ಪು ಸತ್ತು ಎರಡು ವರ್ಷ ಆಗಿತ್ತು ಅಷ್ಟೇ. ಕೈಗೆ ಬಂದ ಸೀಮೆಯಲ್ಲಿ ಏನೇನಿದೆ ನೋಡ್ಕೊಂಡು ಬಾ ಅಂತ ಗವರ್ನರ್ ಜನರಲ್ ವೆಲ್ಲೆಸ್ಲಿ ಈ ಡಾಕ್ಟರನ್ನು ಕಳಿಸಿದ್ದ. ಗಾಜಿಗೆ ಯಾವ ಕಲ್ಲು, ಯಾವ ಚೌಳು, ಕುಲುಮೆ ಹೇಗೆ, ಬಳೆಗೆ ಯಾವ ಬಣ್ಣ (ಕಪ್ಪು, ಹಸಿರು, ಕೆಂಪು, ನೀಲಿ, ಹಳದಿ), ಎಲ್ಲಾ ಬರೆದುಕೊಂಡ. ಆ ಬಳೆ ತೊಡೋ ಹೆಂಗಸಿನ ಮುಖ ಮಾತ್ರ ಪುಸ್ತಕದಲ್ಲಿಲ್ಲ. ಅವನ ತಪ್ಪಲ್ಲ ಬಿಡಿ, ಆಗಿನ್ನೂ ಕ್ಯಾಮೆರಾ ಹುಟ್ಟೇ ಇರಲಿಲ್ಲ.

ಹುಟ್ಟಿದ ಮೇಲೆ ಏನಾಯ್ತು? ಪಟ್ಟಿ ಮಾಡೋ ಚಟ ಮುಖಕ್ಕೂ ಅಂಟಿಕೊಳ್ತು. 1868ರಿಂದ 1875ರವರೆಗೆ ‘ದಿ ಪೀಪಲ್ ಆಫ್ ಇಂಡಿಯಾ’ ಅನ್ನೋ ಎಂಟು ಸಂಪುಟ ಬಂತು. ಫೋಟೋ ಕೆಳಗೆ ಜಾತಿ, ಬುಡಕಟ್ಟು, ಅವರ ‘ಸ್ವಭಾವ’. 1869ರಲ್ಲಿ ಲ್ಯಾಂಪ್ರಿ ಎಂಬಾತ ಚೌಕಟ್ಟಿಗೆ ರೇಷ್ಮೆ ದಾರ ಕಟ್ಟಿ ಎರಡೆರಡು ಇಂಚಿನ ಚೌಕ ಮಾಡಿದ. ಅದರ ಮುಂದೆ ಮನುಷ್ಯರನ್ನ ಬೆತ್ತಲೆ ನಿಲ್ಲಿಸಿ ಫೋಟೋ ತೆಗೆದರೆ ಮೈ ಅಳತೆ ಸಲೀಸು ಅಂತ. ಅಂಡಮಾನಿನಲ್ಲಿ ಪೋರ್ಟ್‌ಮನ್ ಕೂಡ ಚೌಕಳಿ ಪರದೆ ಬಳಸಿದ. ಆಧಾರ್ ಫೋಟೋಗೆ ನೆಟ್ಟಗೆ ಕೂತಿದ್ದೀರಲ್ಲ, ಅದರ ಮುತ್ತಜ್ಜ ಇವನೇ ಇರಬೇಕು.

ಇದೇ ಪರದೆಯನ್ನ ಬೆಂಗಳೂರಿನ ಪುಷ್ಪಮಾಲಾ ಎನ್. ಆಟಕ್ಕೆ ಎಳೆದುಕೊಂಡರು. 1956ರಲ್ಲಿ ಹುಟ್ಟಿದವರು, ಬರೋಡಾದಲ್ಲಿ ಓದಿದ್ದು ಶಿಲ್ಪಕಲೆ. 2000ದಿಂದ 2004ರವರೆಗೆ ಫೋಟೋಗ್ರಾಫರ್ ಕ್ಲೇರ್ ಆರ್ನಿ ಜೊತೆ ‘ನೇಟಿವ್ ವಿಮೆನ್ ಆಫ್ ಸೌತ್ ಇಂಡಿಯಾ: ಮ್ಯಾನರ್ಸ್ ಅಂಡ್ ಕಸ್ಟಮ್ಸ್’ ಮಾಡಿದರು. ಹೆಸರೇ ಹಳೇ ಸರ್ವೇ ರಿಪೋರ್ಟಿನ ಅಣಕ. ರವಿವರ್ಮನ ಬೆಳದಿಂಗಳ ಹೆಂಗಸು, ಲಕ್ಷ್ಮಿ, ವೇಲಾಂಕಣಿ ಮಾತೆ, ಜಯಲಲಿತಾ ಸಿನಿಮಾ ಸ್ಟಿಲ್, ಕಳ್ಳತನದ ಗುಮಾನಿಯಲ್ಲಿ ಸಿಕ್ಕಿಬಿದ್ದ ಹೆಂಗಸರ ಪತ್ರಿಕೆ ಫೋಟೋ... ಎಲ್ಲದರಲ್ಲೂ ಪಾತ್ರ ಇವರದೇ. ಚೌಕಳಿ ಪರದೆ ಮುಂದೆಯೂ ಇವರೇ. ಪರದೆ ಕೈಯಲ್ಲಿ ಬರೆದದ್ದು, ಒಡವೆ ನಾಟಕದ್ದು ಅಂತ ಗೊತ್ತಾಗಲಿ ಅಂತಲೇ ಬಿಟ್ಟಿದ್ದಾರೆ. ಊರಹಬ್ಬದ ನಾಟಕ ನೋಡಿದವರಿಗೆ ಇದು ಹೊಸತೇನಲ್ಲ. ರಾಜನ ಮೀಸೆ ಅಂಟಿಸಿದ್ದು ಅಂತ ಗೊತ್ತಿದ್ದೂ ಅಳ್ತೀವಲ್ಲ, ಹಾಗೆ.

ನಂಗೆ ಒಂದು ಕಸಿವಿಸಿ ಇದೆ. ಶಾಟ್ ಮುಗಿದ ಮೇಲೆ ಪುಷ್ಪಮಾಲಾ ವೇಷ ಕಳಚಿ ಮನೆಗೆ ಹೋಗಬಹುದಿತ್ತು. ಪೋರ್ಟ್‌ಮನ್ ಮುಂದೆ ನಿಂತಿದ್ದ ಅಂಡಮಾನಿನ ಮನುಷ್ಯನಿಗೆ ಕಳಚೋಕೆ ವೇಷವೇ ಇರಲಿಲ್ಲ. ಅವನ ನೋವನ್ನ ಇವರು ತಮಾಷೆಗೆ ತೊಟ್ಟುಕೊಂಡರಾ? ಮೊದಲು ಹಾಗೇ ಅನ್ಸಿತ್ತು. ಆಮೇಲೆ ನೋಡ್ತಾ ನೋಡ್ತಾ, ನಗು ಬರೋದು ಆ ಮನುಷ್ಯನ ಮೇಲಲ್ಲ, ಅಳೆಯೋಕೆ ಬಂದ ಕೈ ಮೇಲೆ ಅನ್ಸಿತು. ಪೂರ್ತಿ ಸಮಾಧಾನ ಈಗಲೂ ಇಲ್ಲ.

ಆ ಸರಣಿಯಲ್ಲಿ ನಂಗೆ ಇಷ್ಟವಾದದ್ದು ಯೋಗಿನಿ. ಮೂಲ ಬಿಜಾಪುರದ ಕಿರುಚಿತ್ರ, ಕೈಲಿ ಮೈನಾ ಹಕ್ಕಿ. ಅದೀಗ ಡಬ್ಲಿನ್‌ನ ಚೆಸ್ಟರ್ ಬೀಟಿಯಲ್ಲಿದೆ. ಬಿಜಾಪುರದವರು ನೋಡಬೇಕಂದ್ರೆ ಐರ್ಲೆಂಡ್ ವೀಸಾ ಬೇಕು. ಪುಷ್ಪಮಾಲಾ ವೀಸಾ ಗೀಸಾ ಕೇಳದೆ ತಾವೇ ಯೋಗಿನಿಯಾಗಿ ನಿಂತರು, ಹಕ್ಕಿ ಸಮೇತ.