ಮೈಕಿನ ಮುಂದಿನ ಹರಟೆ

ಬಿಬಿಸಿ ಹುಟ್ಟಿದ್ದು 1922ರಲ್ಲಿ. ನಾಲ್ಕು ಜನ ಮೈಕಿನ ಸುತ್ತ ಕೂತು, ಮುಂದೆ ಹಾಳೆಯಿಲ್ಲದೆ, ಕೇಳಿದ ಪ್ರಶ್ನೆಗೆ ಆ ಕ್ಷಣ ತೋಚಿದ್ದನ್ನು ಹೇಳುವ ಕಾರ್ಯಕ್ರಮ ಅಲ್ಲಿ ನೆಲೆಯೂರಿದ್ದು 1941ರಲ್ಲಿ. ನಡುವಿನ ವರ್ಷಗಳಲ್ಲಿ ಬಾನುಲಿಯಲ್ಲಿ ಮಾತಿಗೇನೂ ಬರವಿರಲಿಲ್ಲ. ಆದರೆ ಅದರಲ್ಲಿ ಹೆಚ್ಚಿನದು ಮೊದಲೇ ಬರೆದು, ತಿದ್ದಿಸಿ, ಒಪ್ಪಿಗೆ ಪಡೆದು ಓದಿದ ಮಾತು. ನೊಣ, ನಿದ್ದೆ, ಮಗುವಿನ ಅಳು, ಹೊಟ್ಟೆಯ ಉಬ್ಬರದಂಥ ಸಂಗತಿಗಳ ಹರಟೆ ಬಾನುಲಿಯ ದೊಡ್ಡ ಪ್ರಕಾರವಾಗಿ ಬೆಳೆದದ್ದರಲ್ಲಿ ಮಾತುಗಾರರ ಪ್ರತಿಭೆಗೆ ಎಷ್ಟು ಪಾಲಿದೆಯೋ ನಿಷೇಧಗಳಿಗೂ ಅಷ್ಟೇ ಇದೆ. ರಾಜಕೀಯ ಬೇಡ, ಧರ್ಮ ಬೇಡ, ಪಾರ್ಲಿಮೆಂಟಿನ ವಿಷಯ ಬೇಡ ಎಂದು ಒಂದೊಂದಾಗಿ ಕೈಬಿಡುತ್ತ ಹೋದರೆ ಕೊನೆಗೆ ಉಳಿಯುವುದು ದಿನನಿತ್ಯದ ಬದುಕು.

ಆರಂಭದ ಬಾನುಲಿ ಭಾಷಣಕಾರರು ಸಭಾಂಗಣದ ವೇದಿಕೆಯನ್ನೇ ಸ್ಟುಡಿಯೋದೊಳಕ್ಕೆ ತಂದಿದ್ದರು. ಎದುರಿಗೆ ಸಾವಿರ ಜನ ಕೂತಿದ್ದಾರೆಂಬಂತೆ ದನಿ ಏರಿಸುತ್ತಿದ್ದರು. 1927ರಲ್ಲಿ ಬಿಬಿಸಿಯ ಭಾಷಣ ವಿಭಾಗದ ನಿರ್ದೇಶಕಿಯಾದ ಹಿಲ್ಡಾ ಮ್ಯಾಥೆಸನ್ ಇದನ್ನು ಬದಲಿಸಿದರು. ಕೇಳುಗ ಮನೆಯಲ್ಲಿ, ಕುರ್ಚಿಯಲ್ಲಿ, ಹೆಚ್ಚೆಂದರೆ ಮನೆಮಂದಿಯ ಜೊತೆ ಕೂತಿರುತ್ತಾನೆ. ಅವನೊಂದಿಗೆ ಮಾತಾಡಬೇಕೇ ಹೊರತು ಅವನ ಮೇಲೆ ಭಾಷಣ ಸುರಿಯಬಾರದು ಎಂಬುದು ಅವರ ನಿಲುವು. ಅದಕ್ಕೆ ಅವರು ಕಂಡುಕೊಂಡ ದಾರಿ ವಿಚಿತ್ರ. ಮಾತು ಸಹಜವಾಗಿ ಕೇಳಿಸಬೇಕಾದರೆ ಅದನ್ನು ಹೆಚ್ಚು ಕಾಳಜಿಯಿಂದ ಬರೆಯಬೇಕು, ಬರೆದದ್ದನ್ನು ಮೈಕಿನ ಮುಂದೆ ತಾಲೀಮು ಮಾಡಬೇಕು. ದೊಡ್ಡ ದೊಡ್ಡ ಲೇಖಕರನ್ನೂ ಅವರು ಹೀಗೆಯೇ ಪಳಗಿಸಿದರು. ಬರವಣಿಗೆಗೆ ಇನ್ನೊಂದು ಉಪಯೋಗವೂ ಇತ್ತು: ಏನು ಪ್ರಸಾರವಾಗುತ್ತದೆಂದು ಸಂಸ್ಥೆಗೆ ಮೊದಲೇ ಗೊತ್ತಿರುತ್ತಿತ್ತು. ವಿವಾದದ ವಿಷಯಗಳನ್ನು ಎತ್ತಬಾರದೆಂಬ ಸರ್ಕಾರದ ಕಟ್ಟು 1928ರಲ್ಲಿ ಸಡಿಲವಾಯಿತು, ಬಿಬಿಸಿಯ ಅಂಜಿಕೆ ಮಾತ್ರ ಹೋಗಲಿಲ್ಲ. ಮೇಲಿನವರೊಂದಿಗೆ ಹೊಂದಾಣಿಕೆಯಾಗದೆ ಮ್ಯಾಥೆಸನ್ 1931ರಲ್ಲಿ ರಾಜೀನಾಮೆ ಕೊಟ್ಟರು. ಹಾಳೆ ನೋಡಿ ಓದುವ ಪದ್ಧತಿ ಹಾಗೇ ಉಳಿಯಿತು. 1933ರಲ್ಲಿ ಶುರುವಾದ ‘ಇನ್ ಟೌನ್ ಟುನೈಟ್’ ಕಾರ್ಯಕ್ರಮಕ್ಕೆ ಬೀದಿ ವ್ಯಾಪಾರಿಗಳೂ ಸಿನಿಮಾ ತಾರೆಯರೂ ಬರುತ್ತಿದ್ದರು. ತಮ್ಮದೇ ಬದುಕಿನ ಬಗ್ಗೆ ಕೇಳಿದ ಪ್ರಶ್ನೆಗೂ ಅವರು ಹಾಳೆ ನೋಡಿಯೇ ಉತ್ತರಿಸಬೇಕಿತ್ತು.

ಇದೇ ಪದ್ಧತಿ ಭಾರತಕ್ಕೂ ಬಂತು. ಬಿಬಿಸಿಯ ಭಾಷಣ ವಿಭಾಗದಲ್ಲಿ ಕೆಲಸ ಮಾಡಿದ್ದ ಲಯೊನೆಲ್ ಫೀಲ್ಡನ್ 1935ರಲ್ಲಿ ದೆಹಲಿಗೆ ಬಂದು ಸರ್ಕಾರಿ ಬಾನುಲಿಯ ಹೊಣೆ ಹೊತ್ತರು. 1936ರ ಜೂನ್‌ನಲ್ಲಿ ಅದಕ್ಕೆ ಆಲ್ ಇಂಡಿಯಾ ರೇಡಿಯೋ ಎಂದು ಹೆಸರಾಯಿತು. ಫೀಲ್ಡನ್ ನಂತರ ಆ ಕುರ್ಚಿಯಲ್ಲಿ ಕೂತವರು ಎ.ಎಸ್. ಬುಖಾರಿ, ‘ಪತ್ರಸ್’ ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ಉರ್ದುವಿನ ಹೆಸರಾಂತ ಹಾಸ್ಯ ಪ್ರಬಂಧಕಾರ. ಹರಟೆಯ ಮರ್ಮ ಬಲ್ಲವರೊಬ್ಬರು ಮೇಲಿದ್ದರೂ ಭಾಷಣಕಾರ ಮುಂಚಿತವಾಗಿ ಬರಹ ಕಳಿಸಬೇಕೆಂಬ ನಿಯಮ ದಶಕಗಟ್ಟಲೆ ಕದಲಲಿಲ್ಲ. ಆಕಾಶವಾಣಿಯ ಹಳೆಯ ಕೇಳುಗರ ಕಿವಿಯಲ್ಲಿ ಉಳಿದಿರುವ ‘ಭಾಷಣ’ದ ಆ ಸಮತಟ್ಟಾದ ಧಾಟಿಗೆ ಮೂಲ ಇಲ್ಲಿದೆ.

ಫೀಲ್ಡನ್ ಬಂದ ವರ್ಷವೇ ಮೈಸೂರಿನಲ್ಲಿ ಬೇರೊಂದು ಬಗೆಯ ಆರಂಭವಾಯಿತು. ಲಂಡನ್ನಿನಲ್ಲಿ ಚಾರ್ಲ್ಸ್ ಸ್ಪಿಯರ್‌ಮನ್ ಅವರ ಬಳಿ ಓದಿ ಬಂದು, 1924ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಮನಃಶಾಸ್ತ್ರ ವಿಭಾಗ ಕಟ್ಟಿದ್ದ ಪ್ರೊ. ಎಂ.ವಿ. ಗೋಪಾಲಸ್ವಾಮಿ 1935ರ ಸೆಪ್ಟೆಂಬರ್ 10ರಂದು ಒಂಟಿಕೊಪ್ಪಲಿನ ತಮ್ಮ ಮನೆಯಿಂದಲೇ ಪ್ರಸಾರ ಶುರುಮಾಡಿದರು. ನಿಲಯದ ಹೆಸರು ಆಕಾಶವಾಣಿ. ಹಾಸ್ಯ ಬರಹಗಾರ ನಾ. ಕಸ್ತೂರಿ ಈ ಸಾಹಸದಲ್ಲಿ ಜೊತೆಗಿದ್ದರು. ಟ್ರಾನ್ಸ್‌ಮಿಟರ್ ಪುಟ್ಟದು, ಕೇಳುಗರು ಸುತ್ತಮುತ್ತಲಿನವರು. ಮನಃಶಾಸ್ತ್ರದ ಮೇಷ್ಟರೂ ಹಾಸ್ಯಗಾರರೂ ಸೇರಿ ಹುಟ್ಟುಹಾಕಿದ ಬಾನುಲಿ ನಿಲಯ ಬೇರೆಲ್ಲಾದರೂ ಇದ್ದರೆ ಅದು ಅಪರೂಪವೇ. 1942ರಲ್ಲಿ ಮೈಸೂರು ಸಂಸ್ಥಾನ ಇದನ್ನು ವಹಿಸಿಕೊಂಡಿತು. 1950ರಲ್ಲಿ ನಿಲಯ ಕೇಂದ್ರ ಸರ್ಕಾರದ ಜಾಲಕ್ಕೆ ಸೇರಿತು.

ಬ್ರಿಟನ್ನಿನಲ್ಲಿ ಹಾಳೆಯ ಹಿಡಿತ ತಪ್ಪಿದ್ದು ಎರಡನೇ ಮಹಾಯುದ್ಧದ ಕಾಲದಲ್ಲಿ. ಗುಟ್ಟುಗಳು ಬಯಲಾಗಬಾರದೆಂದು ಪ್ರತಿ ಮಾತಿನ ಮೇಲೂ ಕಣ್ಣಿಟ್ಟಿದ್ದ ಹೊತ್ತಿನಲ್ಲಿ ಇದು ನಡೆದದ್ದು ಆಶ್ಚರ್ಯ. ಶಿಬಿರಗಳಲ್ಲಿ ಬೇಸರದಿಂದ ಕೂತಿದ್ದ ಸೈನಿಕರಿಗೆ ಮನರಂಜನೆಯ ಜೊತೆ ಒಂದಿಷ್ಟು ತಿಳಿವಳಿಕೆಯನ್ನೂ ಕೊಡಬೇಕೆಂದು ಬಿಬಿಸಿ ಯೋಚಿಸಿತು. ಜಾಹೀರಾತು ಮತ್ತು ವಾಣಿಜ್ಯ ಬಾನುಲಿಯಲ್ಲಿ ಕೆಲಸ ಮಾಡಿ ಬಂದಿದ್ದ ನಿರ್ಮಾಪಕ ಹೋವರ್ಡ್ ಥಾಮಸ್ ಕೇಳುಗರಿಂದಲೇ ಪ್ರಶ್ನೆ ತರಿಸುವ ಉಪಾಯ ಮಾಡಿದರು. 1941ರ ಜನವರಿ 1ರಂದು ಸೈನಿಕರ ವಾಹಿನಿಯಲ್ಲಿ ‘ಎನಿ ಕ್ವೆಶ್ಚನ್ಸ್?’ ಎಂಬ ಹೆಸರಿನಲ್ಲಿ ಶುರುವಾದ ಕಾರ್ಯಕ್ರಮ ಮುಂದೆ ‘ಬ್ರೇನ್ಸ್ ಟ್ರಸ್ಟ್’ ಆಯಿತು. ಆರು ವಾರಕ್ಕೆಂದು ಯೋಜಿಸಿದ್ದದ್ದು 84 ವಾರ ಬಿಡುವಿಲ್ಲದೆ ನಡೆಯಿತು.

ಮೂವರು ಕಾಯಂ ಮಾತುಗಾರರು. ಜೂಲಿಯನ್ ಹಕ್ಸ್‌ಲಿ ಪ್ರಾಣಿವಿಜ್ಞಾನಿ. ಲಂಡನ್ನಿನ ಪ್ರಾಣಿಶಾಸ್ತ್ರ ಸಂಘದ ಕಾರ್ಯದರ್ಶಿ. ಸಿ.ಇ.ಎಂ. ಜೋಡ್ ಬರ್ಕ್‌ಬೆಕ್ ಕಾಲೇಜಿನಲ್ಲಿ ತತ್ತ್ವಶಾಸ್ತ್ರ ವಿಭಾಗದ ಮುಖ್ಯಸ್ಥರು. ಅವರಿಗೆ ಪ್ರೊಫೆಸರ್ ಪದವಿ ಇರಲಿಲ್ಲ, ಆದರೆ ದೇಶವೆಲ್ಲ ಅವರನ್ನು ಪ್ರೊಫೆಸರ್ ಜೋಡ್ ಎಂದೇ ಕರೆಯುತ್ತಿತ್ತು. ಕಮಾಂಡರ್ ಎ.ಬಿ. ಕ್ಯಾಂಬೆಲ್ ಸಮುದ್ರದ ಮೇಲೆ ಬದುಕು ಕಳೆದು ನಿವೃತ್ತರಾದವರು, ವಿದ್ವಾಂಸರಲ್ಲ. ಪ್ರಶ್ನೆ ಓದುತ್ತಿದ್ದವರು ಡೊನಾಲ್ಡ್ ಮಕಲಾ. ಆಯ್ಕೆಯಲ್ಲಿ ಥಾಮಸ್ ಅವರ ಜಾಣತನ ಕಾಣುತ್ತದೆ. ಮುಖ ಕಾಣದ ಮಾಧ್ಯಮದಲ್ಲಿ ದನಿಯಿಂದಲೇ ಆಳಿನ ಗುರುತು ಸಿಗಬೇಕು. ಜೋಡ್ ಅವರದು ಕೀರಲು ದನಿ. ಯಾವ ಪ್ರಶ್ನೆ ಬಂದರೂ ಮೊದಲು ಅದರೊಳಗಿನ ಪದದ ಅರ್ಥ ಏನೆಂದು ತಕರಾರು ತೆಗೆಯುವ ಚಾಳಿ. ಅದನ್ನು ಅಣಕಿಸುವುದು ಮಕ್ಕಳ ಆಟವಾಯಿತು. ಹಕ್ಸ್‌ಲಿಗೆ ವಿಜ್ಞಾನಿಯ ಖಚಿತತೆ. ಕ್ಯಾಂಬೆಲ್ ಎಲ್ಲಕ್ಕೂ ಒಂದು ಕಥೆ ಇಟ್ಟುಕೊಂಡಿದ್ದರು, ಕಥೆ ಹೆಚ್ಚಾಗಿ ಪ್ಯಾಟಗೋನಿಯಾದಲ್ಲಿ ನಡೆದದ್ದು. ಮಾರ್ಮಲೇಡ್ ತಿಂದರೆ ಒಗ್ಗದೆ ತಲೆಯಿಂದ ಹಬೆಯೇಳುತ್ತಿದ್ದ ಒಬ್ಬ ಮನುಷ್ಯನ ಬಗ್ಗೆ ಅವರು ಗಂಭೀರವಾಗಿಯೇ ಹೇಳಿದ್ದರು. ವಿಜ್ಞಾನಿ ಹೌಹಾರುವುದು, ತತ್ತ್ವಜ್ಞ ‘ಒಗ್ಗುವುದು’ ಎಂದರೇನೆಂದು ಕೇಳುವುದು, ನಾವಿಕ ಪಟ್ಟು ಬಿಡದಿರುವುದು: ಕಾರ್ಯಕ್ರಮದ ಜೀವ ಇಂಥ ಜಗ್ಗಾಟದಲ್ಲಿತ್ತು.

ಪ್ರಶ್ನೆಗಳು ಮಾತುಗಾರರಲ್ಲಿ ಯಾರಿಗೂ ಮೊದಲೇ ಗೊತ್ತಿರುತ್ತಿರಲಿಲ್ಲ. ಆದರೂ ಇದು ನೇರ ಪ್ರಸಾರವಾಗಿರಲಿಲ್ಲ. ಧ್ವನಿ ಮುದ್ರಿಸಿಕೊಂಡು, ಕೇಳಿ ನೋಡಿ, ಆಮೇಲೆ ಬಿಡುತ್ತಿದ್ದರು. ಹಾಳೆಯ ಕೆಲಸವನ್ನು ಮುದ್ರಣದ ತಟ್ಟೆ ಮಾಡಿತು ಎನ್ನಬಹುದು. ಜೊತೆಗೆ ಧರ್ಮದ ಬಗೆಗಿನ ಪ್ರಶ್ನೆಗಳನ್ನು ಬೇಗನೆ ಹೊರಗಿಟ್ಟರು, ರಾಜಕೀಯಕ್ಕೂ ಬೇಲಿ ಇತ್ತು. ಬದುಕಿನ ಅರ್ಥವೇನು ಎಂಬಂಥ ದೊಡ್ಡ ಪ್ರಶ್ನೆಗೆ ದೇವರನ್ನು ಬಿಟ್ಟು ಉತ್ತರಿಸುವುದು ಕಷ್ಟ. ನೊಣದ ಬಗ್ಗೆ ಆ ತೊಂದರೆಯಿಲ್ಲ.

ನೊಣದ ಪ್ರಶ್ನೆ ನಿಜಕ್ಕೂ ಬಂದಿತ್ತು, ಅದೇ ಎಲ್ಲಕ್ಕಿಂತ ಹೆಚ್ಚು ಸದ್ದು ಮಾಡಿತು. ನೊಣ ಸೂರಿನ ಮೇಲೆ ತಲೆಕೆಳಗಾಗಿ ಕೂರುವುದು ಹೇಗೆ? ಹಾರುವಾಗ ಬೆನ್ನು ಮೇಲಿರುತ್ತದೆ, ಕೂತಾಗ ಕಾಲು ಮೇಲಿರುತ್ತವೆ. ಹಾಗಾದರೆ ಮಗುಚಿಕೊಳ್ಳುವುದು ಯಾವಾಗ? ವಿಮಾನದ ಹಾಗೆ ಪಕ್ಕಕ್ಕೆ ಉರುಳುತ್ತದೆಯೋ, ಲಾಗ ಹಾಕುತ್ತದೆಯೋ? ಬಾಂಬು ಬೀಳುತ್ತಿದ್ದ ದೇಶ ಈ ಚರ್ಚೆಯಲ್ಲಿ ಮುಳುಗಿತು. ಮುಂದೆ ಅತಿವೇಗದ ಕ್ಯಾಮೆರಾಗಳು ಬಂದ ಮೇಲೆ ಉತ್ತರ ಸಿಕ್ಕಿತು: ನೊಣ ಸೂರಿನ ಹತ್ತಿರ ಬಂದಾಗ ಮುಂಗಾಲುಗಳನ್ನು ತಲೆಯಿಂದ ಮೇಲಕ್ಕೆ ಚಾಚಿ ಸೂರಿಗೆ ಅಂಟಿಸುತ್ತದೆ, ಅದೇ ವೇಗದಲ್ಲಿ ದೇಹ ಮಗುಚಿ ಉಳಿದ ಕಾಲುಗಳು ಹೋಗಿ ಊರುತ್ತವೆ.

ಕೋಟಿಯ ಆಸುಪಾಸಿನ ಜನ ಇದನ್ನು ಕೇಳುತ್ತಿದ್ದರು, ವಾರಕ್ಕೆ ಸಾವಿರಾರು ಪತ್ರ ಬರುತ್ತಿದ್ದವು. ಊರೂರಿನ ಸಭಾಂಗಣಗಳಲ್ಲಿ, ಸೈನಿಕ ಶಿಬಿರಗಳಲ್ಲಿ ಜನ ತಾವೇ ಬ್ರೇನ್ಸ್ ಟ್ರಸ್ಟ್ ಕಟ್ಟಿಕೊಂಡರು. ಜೋಡ್ ಅವರ ಕೊನೆ ಮಾತ್ರ ಕೆಟ್ಟದಾಯಿತು. 1948ರ ಏಪ್ರಿಲ್‌ನಲ್ಲಿ ಲಂಡನ್ನಿನ ವಾಟರ್‌ಲೂದಿಂದ ಎಕ್ಸೆಟರ್ ಕಡೆಗೆ ಟಿಕೆಟ್ಟಿಲ್ಲದೆ ರೈಲಿನಲ್ಲಿ ಹೋಗಿ ಸಿಕ್ಕಿಬಿದ್ದು 2 ಪೌಂಡ್ ದಂಡ ತೆತ್ತರು. ನೀತಿಯ ಸೂಕ್ಷ್ಮ ಬಿಡಿಸಿ ಹೇಳುತ್ತಿದ್ದ ತತ್ತ್ವಜ್ಞನ ಈ ಸಣ್ಣತನವನ್ನು ಪತ್ರಿಕೆಗಳು ಬಿಡಲಿಲ್ಲ. ಬಿಬಿಸಿ ಅವರನ್ನು ಕೈಬಿಟ್ಟಿತು. ಮರುವರ್ಷ ಬಾನುಲಿಯ ಬ್ರೇನ್ಸ್ ಟ್ರಸ್ಟ್ ಕೂಡ ನಿಂತಿತು.

ಅದೇ ಯುದ್ಧಕಾಲದ ಬೇರೆ ಮಾತುಕತೆಗಳು ಹಾಳೆಯ ಮೇಲೆಯೇ ನಡೆದವು. 1942ರ ಜನವರಿಯಲ್ಲಿ ರಾಯ್ ಪ್ಲಮ್ಲಿ ‘ಡೆಸರ್ಟ್ ಐಲ್ಯಾಂಡ್ ಡಿಸ್ಕ್ಸ್’ ಆರಂಭಿಸಿದರು. ನಿರ್ಜನ ದ್ವೀಪಕ್ಕೆ ಯಾವ ಎಂಟು ಗಾನತಟ್ಟೆ ಒಯ್ಯುವಿರಿ ಎಂದು ಅತಿಥಿಯನ್ನು ಕೇಳುವ ಸಲೀಸಾದ ಸಂಭಾಷಣೆ ಅದು, ಆದರೆ ಆರಂಭದಲ್ಲಿ ಪ್ರತಿ ವಾಕ್ಯವೂ ಬರೆದಿಟ್ಟದ್ದೇ. ಭಾರತಕ್ಕಾಗಿ ಪ್ರಸಾರ ಮಾಡುತ್ತಿದ್ದ ಬಿಬಿಸಿಯ ಪೂರ್ವ ವಿಭಾಗದಲ್ಲಿ ಜಾರ್ಜ್ ಆರ್ವೆಲ್ 1941ರಿಂದ 1943ರವರೆಗೆ ಕೆಲಸ ಮಾಡಿದರು. ಅವರ ‘ವಾಯ್ಸ್’ ಕಾರ್ಯಕ್ರಮದಲ್ಲಿ ಮುಲ್ಕ್ ರಾಜ್ ಆನಂದ್, ವಿಲಿಯಂ ಎಂಪ್ಸನ್ ಮೊದಲಾದವರು ಸುತ್ತ ಕೂತು ಕಾವ್ಯದ ಬಗ್ಗೆ ಮಾತಾಡುತ್ತಿದ್ದರು. ನಡುವೆ ಬಾಯಿ ಹಾಕುವುದು, ಒಪ್ಪದಿರುವುದು ಎಲ್ಲವೂ ಮೊದಲೇ ಟೈಪಾಗಿರುತ್ತಿತ್ತು.

ಮನಸ್ಸು ಮತ್ತು ಮೈಯ ಮಾತು ಬಾನುಲಿಗೆ ಬಂದದ್ದೂ ಈ ವರ್ಷಗಳಲ್ಲೇ. ‘ರೇಡಿಯೋ ಡಾಕ್ಟರ್’ ಎಂದಷ್ಟೇ ಕೇಳುಗರಿಗೆ ಗೊತ್ತಿದ್ದ ಚಾರ್ಲ್ಸ್ ಹಿಲ್ ಬೆಳಗಿನ ‘ಕಿಚನ್ ಫ್ರಂಟ್’ ಕಾರ್ಯಕ್ರಮದಲ್ಲಿ, ಜನ ತಿಂಡಿಗೆ ಕೂತ ಹೊತ್ತಿಗೆ ಸರಿಯಾಗಿ, ಮಲಬದ್ಧತೆಯ ವಿಷಯ ಎತ್ತುತ್ತಿದ್ದರು. ಒಣ ಪ್ಲಮ್ ಹಣ್ಣುಗಳಿಗೆ ಕಪ್ಪು ಕೋಟಿನ ಕೆಲಸಗಾರರು ಎಂದು ಹೆಸರಿಟ್ಟಿದ್ದರು. ಇದೇ ವೈದ್ಯರು 1967ರಲ್ಲಿ ಬಿಬಿಸಿಯ ಅಧ್ಯಕ್ಷರಾದರು. ಮಕ್ಕಳ ವೈದ್ಯರೂ ಮನೋವಿಶ್ಲೇಷಕರೂ ಆಗಿದ್ದ ಡೊನಾಲ್ಡ್ ವಿನಿಕಾಟ್ 1943ರಿಂದ 1962ರವರೆಗೆ ಸುಮಾರು ಐವತ್ತು ಭಾಷಣ ಮಾಡಿದರು, ಅವರ ಹೆಸರನ್ನೂ ಪ್ರಸಾರದಲ್ಲಿ ಹೇಳುತ್ತಿರಲಿಲ್ಲ. ವೈದ್ಯರು ಹೆಸರು ಹೇಳಿದರೆ ಅದು ಜಾಹೀರಾತಾಗುತ್ತದೆಂಬುದು ಆಗಿನ ವೃತ್ತಿನಿಯಮ. 1949ರಲ್ಲಿ ನಿರ್ಮಾಪಕಿ ಈಸಾ ಬೆನ್ಜಿ ಅವರೊಂದಿಗೆ ಯೋಚಿಸುತ್ತಿದ್ದಾಗ, ತಾಯಂದಿರಿಗೆ ಏನು ಮಾಡಬೇಕೆಂದು ಹೇಳಿಕೊಡುವ ಉದ್ದೇಶ ತಮಗಿಲ್ಲ, ಮಗುವಿನಲ್ಲಿ ಮನಸ್ಸಿಟ್ಟ ಸಾಧಾರಣ ತಾಯಿ ಸಹಜವಾಗಿ ಮಾಡುವುದನ್ನೇ ಹೇಳುತ್ತೇನೆ ಎಂದರು ವಿನಿಕಾಟ್. ಬೆನ್ಜಿ ಆ ‘ಮಗುವಿನಲ್ಲಿ ಮನಸ್ಸಿಟ್ಟ ಸಾಧಾರಣ ತಾಯಿ’ ಎಂಬ ಮಾತನ್ನೇ ಹಿಡಿದು ಸರಣಿಗೆ ಹೆಸರಾಗಿಸಿದರು. ಮುಂದೆ ವಿನಿಕಾಟ್ ಅವರ ಚಿಂತನೆಯ ಗುರುತಾಗಿ ಉಳಿದ ಪದಗುಚ್ಛ ಹೀಗೆ ಬಾನುಲಿಯವರ ಕಿವಿಯಿಂದ ಬಂದದ್ದು.

ಯುದ್ಧದ ನಂತರವೂ ನಿಷೇಧಗಳು ಮುಗಿಯಲಿಲ್ಲ. ಪಾರ್ಲಿಮೆಂಟಿನಲ್ಲಿ ಎರಡು ವಾರದೊಳಗೆ ಚರ್ಚೆಗೆ ಬರುವ ವಿಷಯವನ್ನು ಬಾನುಲಿಯಲ್ಲಿ ಚರ್ಚಿಸಕೂಡದೆಂಬ ‘ಹದಿನಾಲ್ಕು ದಿನದ ನಿಯಮ’ 1944ರಿಂದ ಇತ್ತು. 1948ರ ಅಕ್ಟೋಬರ್‌ನಲ್ಲಿ ವಿಂಚೆಸ್ಟರಿನಿಂದ ಶುರುವಾದ, ಹಳೆಯ ಹೆಸರನ್ನೇ ಹೊತ್ತ ಹೊಸ ‘ಎನಿ ಕ್ವೆಶ್ಚನ್ಸ್?’ ನೇರವಾಗಿ, ಸಭಿಕರೆದುರೇ ನಡೆಯುತ್ತಿತ್ತು. ಅದಕ್ಕೂ ಈ ಕಟ್ಟು ತಪ್ಪಲಿಲ್ಲ. ಸೂಯೆಜ್ ಬಿಕ್ಕಟ್ಟಿನ ಹೊತ್ತಿಗೆ, 1956ರ ಕೊನೆಯಲ್ಲಿ, ನಿಯಮವನ್ನು ತಡೆಹಿಡಿದರು. ಅಲ್ಲಿಂದ ‘ಎನಿ ಕ್ವೆಶ್ಚನ್ಸ್?’ ರಾಜಕೀಯದ ಕಡೆ ವಾಲಿತು, ಲಘು ಹರಟೆ ಬೇರೆ ಮನೆ ಹುಡುಕಿಕೊಂಡಿತು. ಅದರ ಹದವಾದ ರೂಪ 1974ರಿಂದ 1992ರವರೆಗೆ ರಾಬರ್ಟ್ ರಾಬಿನ್ಸನ್ ನಡೆಸಿದ ‘ಸ್ಟಾಪ್ ದ ವೀಕ್’. ಶನಿವಾರ ಸಂಜೆ ಕೆಲವು ಮಾತುಬಲ್ಲವರು ಕೂಡಿ, ಯಾವ ಮುಖ್ಯ ವಿಷಯವನ್ನೂ ಮುಟ್ಟದೆ ಮಾತಾಡುತ್ತಿದ್ದರು. ಕೆಲವರಿಗೆ ಅದು ಸಹಿಸಲಾಗದ ಒಣಜಂಬ, ಕೆಲವರಿಗೆ ವಾರದ ಸುಖ.

ಅಷ್ಟರಲ್ಲಿ ಟೆಲಿಫೋನು ಬಂದು ಕೇಳುಗರನ್ನೂ ಮಾತಿಗೆ ಎಳೆದಿತ್ತು. 1968ರಲ್ಲಿ ಬಿಬಿಸಿಯ ನಾಟಿಂಗ್‌ಹ್ಯಾಮ್ ನಿಲಯ ಫೋನ್-ಇನ್ ಆರಂಭಿಸಿತು. 1973ರ ಅಕ್ಟೋಬರ್‌ನಲ್ಲಿ ಲಂಡನ್ನಿನ ವಾಣಿಜ್ಯ ನಿಲಯಗಳು ಬಂದ ಮೇಲೆ ಅದು ಎಲ್ಲೆಡೆ ಹರಡಿತು. ಫೋನಿನಲ್ಲಿ ಬೈಗುಳ ಬಂದರೆ ಕತ್ತರಿಸಲು ಪ್ರಸಾರವನ್ನು ಕೆಲವು ಸೆಕೆಂಡು ತಡಮಾಡುವ ಯಂತ್ರ ಬಂತು. ವಾರಗಟ್ಟಲೆ ಇದ್ದ ಪೂರ್ವಪರಿಶೀಲನೆ ಸೆಕೆಂಡುಗಳಿಗೆ ಇಳಿಯಿತು, ಇಲ್ಲವಾಗಲಿಲ್ಲ. 1982ರಲ್ಲಿ ಐರಿಷ್ ಮನೋವೈದ್ಯ ಆಂತನಿ ಕ್ಲೇರ್ ‘ಇನ್ ದ ಸೈಕಯಾಟ್ರಿಸ್ಟ್ಸ್ ಚೇರ್’ ಶುರುಮಾಡಿದರು. ಹೆಸರಾಂತ ಒಬ್ಬರು, ಎದುರಿಗೆ ವೈದ್ಯ, ಬಾಲ್ಯದ ನೋವು, ಭಯ, ಒಂಟಿತನ. ಒಂದು ಕಾಲದಲ್ಲಿ ವೈದ್ಯನ ಹೆಸರನ್ನೇ ಹೇಳದಿದ್ದ ಸಂಸ್ಥೆಯಲ್ಲಿ ಈಗ ವೈದ್ಯನೂ ಖ್ಯಾತ, ಕುರ್ಚಿಯಲ್ಲಿ ಕೂತವರೂ ಖ್ಯಾತರು. ಕಾರ್ಯಕ್ರಮ 2001ರವರೆಗೆ ನಡೆಯಿತು.

ಭಾರತದಲ್ಲಿ ಖಾಸಗಿ ಎಫ್‌ಎಂ ನಿಲಯಗಳು ಬಂದದ್ದು ಅದೇ ವರ್ಷ. ವಾಯುತರಂಗಗಳು ಸರ್ಕಾರದ ಏಕಸ್ವಾಮ್ಯವಲ್ಲವೆಂದು ಸುಪ್ರೀಂ ಕೋರ್ಟ್ 1995ರಲ್ಲಿ ಹೇಳಿತ್ತು. 2001ರ ಜುಲೈ 3ರಂದು ಬೆಂಗಳೂರಿನಲ್ಲಿ ರೇಡಿಯೋ ಸಿಟಿ ಪ್ರಸಾರ ಶುರುಮಾಡಿತು, ದೇಶದ ಮೊದಲ ಖಾಸಗಿ ಎಫ್‌ಎಂ ನಿಲಯವಾಗಿ. ಪರವಾನಗಿಯ ಷರತ್ತಿನಲ್ಲಿ ಸುದ್ದಿ ಮತ್ತು ಪ್ರಚಲಿತ ವಿದ್ಯಮಾನಗಳಿಗೆ ನಿಷೇಧವಿತ್ತು. ಹಾಗಾಗಿ ಇಲ್ಲಿಯೂ ಮಾತು ಹೊರಳಿದ್ದು ಪ್ರೀತಿ, ಅತ್ತೆ-ಸೊಸೆ, ಹಾಸ್ಟೆಲ್ಲಿನ ಊಟ, ತಮಾಷೆಯ ಫೋನ್ ಕರೆಗಳ ಕಡೆಗೆ. 2006ರ ಹೊತ್ತಿಗೆ ಇನ್ನಷ್ಟು ನಿಲಯಗಳು ಬಂದವು. ರೇಡಿಯೋ ಮಿರ್ಚಿ ‘ಸಖತ್ ಹಾಟ್ ಮಗಾ’ ಎನ್ನುತ್ತ, ಬೀದಿಯಲ್ಲಿ ಗೆಳೆಯರು ಗೆಳೆಯರನ್ನು ಕರೆಯುವ ‘ಮಗಾ’ವನ್ನು ಕೇಳುಗನಿಗೇ ಹೇಳಿತು. ಮ್ಯಾಥೆಸನ್ ಬಯಸಿದ್ದ ಆಪ್ತತೆಗೆ ಇದಕ್ಕಿಂತ ಹತ್ತಿರದ ಸಂಬೋಧನೆ ಸಿಗುವುದು ಕಷ್ಟ, ಅವರು ಇದನ್ನು ಒಪ್ಪುತ್ತಿದ್ದರೋ ಎಂಬುದು ಬೇರೆ ಮಾತು. 2011ರ ನೀತಿಯಲ್ಲಿ ಆಕಾಶವಾಣಿಯ ಸುದ್ದಿಯನ್ನು ಒಂದಕ್ಷರವೂ ಬದಲಿಸದೆ ಮರುಪ್ರಸಾರ ಮಾಡಲು ಅನುಮತಿ ಸಿಕ್ಕಿತು. ಯಾವುದು ಸುದ್ದಿಯಲ್ಲ ಎಂದೂ ಸರ್ಕಾರ ಪಟ್ಟಿ ಮಾಡಿತು: ಸಂಚಾರ, ಹವಾಮಾನ, ಕ್ರೀಡೆ, ಜಾತ್ರೆ-ಹಬ್ಬ, ಪರೀಕ್ಷೆಯ ಫಲಿತಾಂಶ, ನೀರು-ವಿದ್ಯುತ್ತಿನ ಪ್ರಕಟಣೆ.