ಬೀಡಿಯ ಮೊರವೂ ಸಂಘದ ಲೆಕ್ಕಪುಸ್ತಕವೂ

ಗಡಿನಾಡಿನ ಚರಿತ್ರೆಯೆಂದೊಡನೆ ನಮಗೆ ಬೇಕಲದ ಕೋಟೆಯೂ ಕುಂಬಳೆಯ ಅರಸುಮನೆತನವೂ ನೆನಪಾಗುವುದು ಸಹಜ. ಆದರೆ ಮೊರವನ್ನು ಮಡಿಲಲ್ಲಿರಿಸಿಕೊಂಡು ಹಗಲೆಲ್ಲ ಬೀಡಿ ಕಟ್ಟಿದ ಕೈಗಳಿಗೂ ಒಂದು ಚರಿತ್ರೆಯುಂಟು. ಈ ಸಂಚಿಕೆಯಲ್ಲಿ ಅದನ್ನು ಸ್ಮರಿಸುವುದು ಉಚಿತವೆಂದು ನಾವು ಬಗೆದಿದ್ದೇವೆ.

1956ರ ನವೆಂಬರ್ 1ರವರೆಗೆ ನಮ್ಮ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯ ಅಂಗವಾಗಿದ್ದಿತು. ಅಂದಿನ ಗೆರೆ ರಾಜ್ಯವನ್ನು ಬದಲಿಸಿತೇ ಹೊರತು ಕಸುಬನ್ನು ಬದಲಿಸಲಿಲ್ಲ. ಬೀಡಿಯ ದೊಡ್ಡ ಮಾಲಿಕರು ಮಂಗಳೂರಿನಲ್ಲಿದ್ದರು. ಕಟ್ಟುವವರು ತೆಂಕಣ ಕಣ್ಣೂರಿನವರೆಗೂ ಹರಡಿದ್ದರು. ಎಲೆಯೂ ಹೊಗೆಸೊಪ್ಪೂ ಗುತ್ತಿಗೆದಾರನ ಕೈಯಿಂದ ಬರುತ್ತಿದ್ದವು. ಕೂಲಿ ಸಾವಿರ ಬೀಡಿಗೆ ಇಷ್ಟೆಂದು ನಿಗದಿ. ಕೆಟ್ಟಿದೆಯೆಂದು ತೆಗೆದಿರಿಸಿದ ಬೀಡಿಗೆ ಕೂಲಿಯಿಲ್ಲ. ಮಾಲಿಕನನ್ನು ಕೇಳಿದರೆ ಗುತ್ತಿಗೆದಾರನನ್ನು ತೋರಿಸುವನು. ಗುತ್ತಿಗೆದಾರನನ್ನು ಕೇಳಿದರೆ ಮಾಲಿಕನನ್ನು ತೋರಿಸುವನು. ಕೆಲಸವಿದ್ದಿತು, ಕೆಲಸಗಾರನ ಹೆಸರು ಮಾತ್ರ ಯಾವ ಪುಸ್ತಕದಲ್ಲಿಯೂ ಇರಲಿಲ್ಲ.

ಈ ಅವ್ಯವಸ್ಥೆಯನ್ನು ಸರಿಪಡಿಸಲು ಭಾರತ ಸರಕಾರವು 1966ರಲ್ಲಿ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯಿದೆಯನ್ನು ತಂದಿತು. ಕೆಲಸದ ವೇಳೆಗೆ ಮಿತಿ, ವಾರದ ರಜೆ, ಸಂಬಳಸಹಿತವಾದ ವಾರ್ಷಿಕ ರಜೆ ಇವೆಲ್ಲವೂ ಅದರಲ್ಲಿ ಸೇರಿದುವು. ಮನೆಯಲ್ಲಿ ಕುಳಿತು ಕಟ್ಟುವವರನ್ನೂ ಅದು ಕಾರ್ಮಿಕರೆಂದೇ ಎಣಿಸಿತು.

1968ರಲ್ಲಿ ಇ.ಎಂ.ಎಸ್. ನಂಬೂದಿರಿಪಾಡರ ಮಂತ್ರಿಮಂಡಲವು ಕೇರಳದಲ್ಲಿ ಇದನ್ನು ಜಾರಿಗೆ ತರಲು, ಮಂಗಳೂರಿನ ದೊಡ್ಡ ಮಾಲಿಕರು ಅಲ್ಲಿಯ ತಮ್ಮ ಕೆಲಸದ ಮನೆಗಳನ್ನೇ ಮುಚ್ಚಿದರು. ಸುಮಾರು 12,000 ಮಂದಿ ಕೆಲಸವಿಲ್ಲದವರಾದರು. ಕಾಯಿದೆ ಗಡಿಯ ಒಂದು ಮಗ್ಗುಲಲ್ಲಿ ಬಿಗಿಯಾಗಿಯೂ ಇನ್ನೊಂದು ಮಗ್ಗುಲಲ್ಲಿ ಸಡಿಲವಾಗಿಯೂ ಇದ್ದರೆ ಕಸುಬು ಸಡಿಲವಿದ್ದೆಡೆಗೆ ಹರಿಯುವುದೆಂಬುದನ್ನು ಅಂದು ಜನರು ಹಸಿವಿನಿಂದ ಕಲಿತರು.

ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. 1969ರ ಫೆಬ್ರವರಿ 15ರಂದು ಕಣ್ಣೂರಿನಲ್ಲಿ ಕೇರಳ ದಿನೇಶ್ ಬೀಡಿ ಕಾರ್ಮಿಕರ ಸಹಕಾರ ಸಂಘವು ಹುಟ್ಟಿತು. ಪಾಲಿನ ಬೆಲೆ 20 ರೂಪಾಯಿ. ಕಾರ್ಮಿಕನು ಮೊದಲು ಕೊಡಬೇಕಾದುದು 1 ರೂಪಾಯಿ. ಉಳಿದ 19 ಸರಕಾರದ ಸಾಲ. ಕೇಂದ್ರ ಸಂಘವು ಎಲೆ, ಹೊಗೆಸೊಪ್ಪುಗಳ ಖರೀದಿಯನ್ನೂ ಮಾರಾಟವನ್ನೂ ನೋಡಿಕೊಂಡಿತು. ಊರೂರಿನ ಪ್ರಾಥಮಿಕ ಸಂಘಗಳು ಬೀಡಿ ಕಟ್ಟಿಸಿದುವು. ಭವಿಷ್ಯನಿಧಿ, ಬೋನಸ್, ಹೆರಿಗೆ ರಜೆಗಳು ಕನಸಿನಿಂದ ಲೆಕ್ಕಪುಸ್ತಕಕ್ಕೆ ಇಳಿದುವು. ಒಬ್ಬನು ಗಟ್ಟಿಯಾಗಿ ಪತ್ರಿಕೆಯನ್ನೋದುವುದು, ಉಳಿದವರು ಕಟ್ಟುತ್ತ ಆಲಿಸುವುದು, ಆ ಹಳೆಯ ವಾಡಿಕೆಯೂ ಉಳಿಯಿತು.

ಇದನ್ನು ಬರಿಯ ವಿಜಯಗಾಥೆಯೆಂದು ಹೇಳಲಾರೆವು. ಬೀಡಿ ಸೇದುವವನ ಎದೆಗೂ ಕಟ್ಟುವವನ ಎದೆಗೂ ಹಿತವಾದುದಲ್ಲ. ಬೇಡಿಕೆ ಕುಗ್ಗಿದಂತೆ ಸಂಘವು 1990ರ ದಶಕದ ಕೊನೆಯಿಂದ ಆಹಾರವಸ್ತುಗಳು, ಕೊಡೆಗಳು ಮುಂತಾದ ಬೇರೆ ಉದ್ಯಮಗಳತ್ತ ತಿರುಗಬೇಕಾಯಿತು. ಸಂಘದ ಹೊರಗೆ, ಮನೆಯ ಜಗಲಿಯಲ್ಲಿ ಕಟ್ಟಿದ ಅನೇಕ ತಾಯಂದಿರ ದುಡಿಮೆ ಲೆಕ್ಕಕ್ಕೇ ಸಿಗದೆ ಹೋದುದೂ ಉಂಟು.

ಆದರೂ ಈ ಚರಿತ್ರೆಯಿಂದ ನಾವು ಕಲಿಯಬೇಕಾದುದು ಸ್ಪಷ್ಟ. ಬಡವನ ಕಸುಬನ್ನು ಕಾನೂನಿನ ಚೌಕಟ್ಟಿಗೆ ತರುವುದು ಒಳಿತೇ; ಆದರೆ ಆಜ್ಞೆ ಮಾತ್ರ ಬಂದರೆ ಅವನು ಬೀದಿಗೆ ಬೀಳುವನು. ಆಜ್ಞೆಯೊಡನೆ ಬಂಡವಾಳವೂ ಮಾರುಕಟ್ಟೆಯೂ ಒಗ್ಗಟ್ಟೂ ಬಂದರೆ ಅವನು ನಿಲ್ಲುವನು. ಹಿರಿಯರ ಮನೆಯ ಅಟ್ಟದಲ್ಲಿ ಹಳೆಯ ಬೀಡಿಯ ಮೊರವೊಂದು ಕಂಡರೆ, ಮಕ್ಕಳೇ, ಅದನ್ನು ಎಸೆಯಬೇಡಿರಿ. ಅದನ್ನು ಹಿಡಿದವರು ಯಾರೆಂದು ಕೇಳಿ ಬರೆದಿಡಿರಿ.