ಹೋರಿ ಹಬ್ಬ: ತಳಿಯ ಹೆಮ್ಮೆ, ಪಾಲನೆಯ ಹೊಣೆ

ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ, ಸೊರಬ ತಾಲ್ಲೂಕುಗಳಲ್ಲಿ ಹಾಗೂ ನೆರೆಯ ಹಾವೇರಿ ಜಿಲ್ಲೆಯಲ್ಲಿ ದೀಪಾವಳಿಯ ಬಳಿಕ ನಡೆಯುವ ಜಾನಪದ ಕ್ರೀಡೆ ಹೋರಿ ಬೆದರಿಸುವ ಹಬ್ಬ. ಕೊರಳಿಗೆ ಕೊಬ್ಬರಿ ಹಾರ, ಕೊಂಬಿಗೆ ಬಲೂನು, ಬೆನ್ನಿಗೆ ಜೂಲ ತೊಟ್ಟ ಹೋರಿಗಳನ್ನು ಜನಸಂದಣಿಯ ನಡುವೆ ಓಡಿಸಲಾಗುತ್ತದೆ. ಕೊಬ್ಬರಿ ಹರಿದವನು ಶೂರ. ಯಾರ ಕೈಗೂ ಸಿಗದ ಹೋರಿ ಗೆದ್ದಂತೆ.

ಓಟ ಹಾಗೂ ತಾಳಿಕೆಗೆ ಹೆಸರಾದ ಹಳ್ಳಿಕಾರ್, ಅಮೃತಮಹಲ್ ತಳಿಗಳಿಗೆ ಇಲ್ಲಿ ವಿಶೇಷ ಮನ್ನಣೆ. ಮೈಸೂರು ಅರಸರ ‘ಬೆಣ್ಣೆ ಚಾವಡಿ’ಯಲ್ಲಿ ಬೆಳೆದ ಅಮೃತಮಹಲ್ ರಾಸುಗಳು ಟಿಪ್ಪು ಸುಲ್ತಾನನ ಕಾಲದಲ್ಲಿ ಈ ಹೆಸರು ಪಡೆದು, ಸೇನೆಯ ಸರಂಜಾಮು ಸಾಗಿಸಿದವು. ಸ್ಪರ್ಧೆಯ ಹೋರಿಗೆ ಹುರುಳಿ, ಹತ್ತಿಕಾಳು, ಹಿಂಡಿ ತಿನ್ನಿಸಿ, ಕೆರೆಯಲ್ಲಿ ಈಜಿಸಿ ಅಣಿಗೊಳಿಸುವುದು ವಾಡಿಕೆ.

ಜಲ್ಲಿಕಟ್ಟು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2014ರ ಮೇ 7ರಂದು ನೀಡಿದ ತೀರ್ಪು ಇಂತಹ ಕ್ರೀಡೆಗಳಿಗೆ ತಡೆಯೊಡ್ಡಿತ್ತು. ಕಂಬಳ, ಹೋರಿ ಓಟ, ಎತ್ತಿನಗಾಡಿ ಓಟಕ್ಕೆ ಅವಕಾಶ ಕಲ್ಪಿಸಿ ರಾಜ್ಯವು 2017ರಲ್ಲಿ ತಂದ ತಿದ್ದುಪಡಿಯನ್ನು ಸಂವಿಧಾನ ಪೀಠ 2023ರ ಮೇ 18ರಂದು ಎತ್ತಿಹಿಡಿಯಿತು.

ಆದರೆ ಅನುಮತಿಯು ಹಿಂಸೆಗೆ ಪರವಾನಗಿಯಲ್ಲ. ಬಾಲ ತಿರುಚುವುದು, ಚುಚ್ಚುವುದು, ದಣಿದ ಪ್ರಾಣಿಯನ್ನು ಮತ್ತೆ ಓಡಿಸುವುದು ಸಲ್ಲದು. ಬೆದರಿದ ಹೋರಿ ದಾರಿ ಕಾಣದೆ ಜನರತ್ತ ನುಗ್ಗಿದರೆ ಪ್ರಾಣಹಾನಿಯೂ ಸಂಭವಿಸುತ್ತದೆ. ಆದ್ದರಿಂದ ಭದ್ರವಾದ ಬೇಲಿ, ಓಟದ ಕೊನೆಯಲ್ಲಿ ವಿಶಾಲ ಬಯಲು, ಸ್ಥಳದಲ್ಲೇ ಪಶುವೈದ್ಯರು ಅಗತ್ಯ. ವರ್ಷವಿಡೀ ಮಗನಂತೆ ಸಾಕಿದ ಹೋರಿಗೆ ಹಬ್ಬದ ದಿನವೂ ಅದೇ ಅಕ್ಕರೆ ಸಲ್ಲಬೇಕು.